ಹಸೆ ಚಿತ್ತಾರದ ಹಕ್ಕಿ, ಇರುವೆ, ಭತ್ತದ ತೆನೆ: ನಮ್ಮೂರ ಗೋಡೆಗಳು ಹೇಳುವ ಇತಿಹಾಸ

(ಹಳೆಯ ವಿದ್ಯಾರ್ಥಿ, ಬಿ.ಇ., ಬೆಂಗಳೂರು)

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ಕಂಪ್ಯೂಟರಿನ ಬಗ್ಗೆ ಬರೆಯುತ್ತೇನೆಂದು ಅವರು ತಿಳಿದಿದ್ದರು. ನಾನು ಇಂಜಿನಿಯರಿಂಗ್ ಓದಿದವನು, ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಆದರೆ ಕಂಪ್ಯೂಟರಿನ ವಿಷಯ ಈಗಿನ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರಿಗೆ ಗೊತ್ತಿಲ್ಲದೇ ಹೋಗಬಹುದಾದ ಒಂದು ವಿಷಯವನ್ನು ಬರೆಯೋಣ ಎನ್ನಿಸಿತು. ಅದು ನಮ್ಮ ಮನೆಗಳ ಗೋಡೆ, ಬುಟ್ಟಿ, ಹೊಸಿಲು, ಕೊಟ್ಟಿಗೆಯ ಮೇಲೆ ನಮ್ಮ ಅಜ್ಜಿಯರು ಬರೆಯುತ್ತಿದ್ದ ಚಿತ್ತಾರದ ವಿಷಯ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನ ಇತಿಹಾಸ ಎಂದ ಕೂಡಲೇ ನಾವು ಕೆಳದಿ, ಇಕ್ಕೇರಿ, ಬಿದನೂರು, ಕವಲೇದುರ್ಗ ಎಂದು ಶುರು ಮಾಡುತ್ತೇವೆ. ಅದು ಸರಿಯೇ. ಆದರೆ ಕೋಟೆ ಕಟ್ಟಿದವರದ್ದು ಒಂದು ಇತಿಹಾಸವಾದರೆ, ಗದ್ದೆ ನೆಟ್ಟವರದ್ದು ಇನ್ನೊಂದು. ಗದ್ದೆ ನೆಟ್ಟವರು ಶಾಸನ ಬರೆಸಲಿಲ್ಲ. ಅವರ ಮನೆಯ ಹೆಂಗಸರು ಗೋಡೆಯ ಮೇಲೆ ಬರೆದರು. ಅದನ್ನು ಓದಲು ಪ್ರಯತ್ನಿಸುವುದೇ ಈ ಲೇಖನದ ಉದ್ದೇಶ.

ಯಾರ ಕಲೆ, ಯಾವಾಗಿನ ಕಲೆ

ಹಸೆ ಚಿತ್ತಾರ ಮುಖ್ಯವಾಗಿ ದೀವರ ಮನೆಗಳ ಕಲೆ. ಸಾಗರ, ಸೊರಬದ ಕಡೆ ದೀವರು ಎಂದು ಕರೆಯುವ ಸಮುದಾಯವನ್ನು ತೀರ್ಥಹಳ್ಳಿ, ಹೊಸನಗರದ ಕಡೆ ಹಳೆಪೈಕರು ಎಂದು ಕರೆಯುವುದುಂಟು. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' ಓದಿದವರಿಗೆ ಬಗನಿ ಕಟ್ಟುವ ಹಳೆಪೈಕದ ತಿಮ್ಮನ ನೆನಪಿರಬಹುದು. ಬಗನಿ ಮರ ಹತ್ತುವುದು, ಕಾಡಿನಲ್ಲಿ ಬೇಟೆ, ಗದ್ದೆಯಲ್ಲಿ ಭತ್ತ, ಒಡೆಯರ ತೋಟದಲ್ಲಿ ಕೆಲಸ: ಹೀಗೆ ಬದುಕಿದವರು. ಅವರಲ್ಲಿ ಬಹುಪಾಲು ಜನ ತಲೆಮಾರುಗಳ ಕಾಲ ಗೇಣಿದಾರರು. ನಮ್ಮ ಶಾಲೆಯ ಹಳೆಯ ಹಾಜರಿ ಪುಸ್ತಕ ತೆರೆದರೆ ಆ ಮನೆಗಳ ಮಕ್ಕಳ ಹೆಸರು ಸಾಲು ಸಾಲಾಗಿ ಸಿಗುತ್ತವೆ.

'ಹಸೆ' ಎಂದರೆ ಮದುವೆಯಲ್ಲಿ ಗಂಡು ಹೆಣ್ಣನ್ನು ಕೂರಿಸುವ ಮಂಗಳದ ಜಾಗ. ಅವರ ಹಿಂದಿನ ಗೋಡೆಯೇ ಹಸೆಗೋಡೆ. ಅಲ್ಲಿ ಬರೆಯುವುದು ಹಸೆ ಚಿತ್ತಾರ. ಬರೆಯುವಾಕೆ ಚಿತ್ತಾರಗಿತ್ತಿ. ಊರಿಗೆ ಒಬ್ಬರೋ ಇಬ್ಬರೋ ಕೈ ಪಳಗಿದ ಚಿತ್ತಾರಗಿತ್ತಿಯರು ಇರುತ್ತಿದ್ದರು. ಮದುವೆ ಗೊತ್ತಾದ ಮನೆಯವರು ಹೋಗಿ ಕರೆಯಬೇಕಿತ್ತು. ಅವರು ಬಂದು ಕೂತು, ಹಾಡು ಹೇಳುತ್ತಾ ಬರೆಯುತ್ತಿದ್ದರು. ಬರೆಯುವ ಕೈಯೂ ಹಾಡುವ ಬಾಯಿಯೂ ಒಟ್ಟಿಗೇ ನಡೆಯುತ್ತಿದ್ದವು.

ಬಣ್ಣಗಳೆಲ್ಲ ಮನೆಯಿಂದ ಗದ್ದೆಯವರೆಗಿನ ದಾರಿಯಲ್ಲೇ ಸಿಗುವಂಥವು. ಗೋಡೆಗೆ ಮೊದಲು ಕೆಮ್ಮಣ್ಣು ಬಳಿದು ಒಣಗಿಸಬೇಕು. ಅಕ್ಕಿ ನೆನೆಸಿ ಅರೆದರೆ ಬಿಳಿ. ಅದೇ ಅಕ್ಕಿಯನ್ನು ಕಪ್ಪಾಗುವಷ್ಟು ಹುರಿದು ಅರೆದರೆ ಕಪ್ಪು. ಗುರಿಗೆ ಕಾಯಿಯಿಂದ ಹಳದಿ. ಪುಂಡಿಯ ನಾರು ಜಜ್ಜಿದರೆ ಕುಂಚ. ಅಂಗಡಿಯಿಂದ ತರಬೇಕಾದ್ದು ಏನೂ ಇಲ್ಲ. ಒಂದೇ ಅಕ್ಕಿ ಬಿಳಿಯೂ ಆಗುತ್ತದೆ, ಕಪ್ಪೂ ಆಗುತ್ತದೆ ಎನ್ನುವುದನ್ನು ಗಮನಿಸಬೇಕು. ಊಟಕ್ಕೆ ಅಕ್ಕಿ ಸಾಲದ ಮನೆಯಲ್ಲೂ ಚಿತ್ತಾರಕ್ಕೆ ಒಂದು ಹಿಡಿ ಅಕ್ಕಿ ತೆಗೆದಿಡುತ್ತಿದ್ದರು. ಹಾಗಾಗಿ ಅದು ಪುರುಸೊತ್ತಿನ ಅಲಂಕಾರವಾಗಿರಲಿಲ್ಲ, ಮಾಡಲೇಬೇಕಾದ ಕಾರ್ಯವಾಗಿತ್ತು.

ಗೋಡೆಯ ಮೇಲೆ ಯಾರು ಯಾರಿದ್ದಾರೆ

ಹಸೆ ಚಿತ್ತಾರ ಮೊದಲ ನೋಟಕ್ಕೆ ಬರೀ ಗೆರೆಗಳ ಲೆಕ್ಕದಂತೆ ಕಾಣುತ್ತದೆ. ಚೌಕ, ಚೌಕದೊಳಗೆ ಚೌಕ, ಅಡ್ಡಗೆರೆ, ಓರೆಗೆರೆ, ತ್ರಿಕೋನ. ಗೆರೆಗೆ 'ಎಳೆ' ಎನ್ನುತ್ತಾರೆ. ಒಂದೆಳೆ, ಎರಡೆಳೆ, ಮೂರೆಳೆ ಎಂದು ಎಣಿಸಿಕೊಂಡು ಬರೆಯುತ್ತಾರೆ. ಅಳತೆಪಟ್ಟಿ ಇಲ್ಲದೆ, ಅಳಿಸುವ ರಬ್ಬರ್ ಇಲ್ಲದೆ, ಒಂದು ಮೂಲೆಯಿಂದ ಹೊರಟ ಗೆರೆ ಇನ್ನೊಂದು ಮೂಲೆಗೆ ಸರಿಯಾಗಿ ಬಂದು ಕೂರಬೇಕು. ಗ್ರಾಫ್ ಹಾಳೆಯ ಮೇಲೆ ದಿನವೆಲ್ಲಾ ಕೆಲಸ ಮಾಡುವ ನನ್ನಂಥವನಿಗೆ ಇದು ಎಷ್ಟು ಕಷ್ಟದ್ದೆಂದು ಗೊತ್ತು. ಚೌಕದ ಅಂಚು ದಾಟಿ ಒಳಗೆ ಹೋದರೆ ನಮ್ಮ ಸೀಮೆಯ ಜೀವಗಳೆಲ್ಲ ಅಲ್ಲಿರುತ್ತವೆ. ಬಾಸಿಂಗ ಕಟ್ಟಿದ ಮದುಮಕ್ಕಳು, ದಂಡಿಗೆ, ಮೇಲೆ ಮಾವಿನ ತೋರಣ, ಪಕ್ಕದಲ್ಲಿ ಅಡಿಕೆ ಮರ, ಬಾಳೆ, ಭತ್ತದ ತೆನೆ, ಸೂಜಿಮಲ್ಲಿಗೆಯ ಮೊಗ್ಗಿನ ಸಾಲು, ಗಿಳಿ, ನವಿಲು, ಹೆಸರಿಲ್ಲದ ಸಣ್ಣ ಹಕ್ಕಿಗಳು. ನಮ್ಮ ಮನೆಯಲ್ಲಿ ಅಂಚಿನ ಚುಕ್ಕಿ ಸಾಲಿಗೆ 'ಇರುವೆ ಸಾಲು' ಎನ್ನುತ್ತಿದ್ದರು.

ಈಗ ಇಂಥ ಚಿತ್ರಗಳ ಜೊತೆ ಒಂದು ಚೀಟಿ ಬರುತ್ತದೆ. ನವಿಲು ಎಂದರೆ ಸೌಂದರ್ಯ, ಗಿಳಿ ಎಂದರೆ ಪ್ರೇಮ, ಮರ ಎಂದರೆ ಜೀವನ ಎಂದು ಬರೆದಿರುತ್ತಾರೆ. ಈ ಅರ್ಥಗಳು ತಪ್ಪೆಂದು ಹೇಳಲಾರೆ. ಆದರೆ ನಿಘಂಟಿನಲ್ಲಿ ಪದಕ್ಕೆ ಅರ್ಥ ಕೊಟ್ಟ ಹಾಗೆ ಚಿತ್ತಾರಕ್ಕೆ ಅರ್ಥ ಕೊಟ್ಟರೆ ಅದರ ಜೀವ ಸಿಗುವುದಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಅಜ್ಜಿಯನ್ನು ಕೇಳಿದ್ದೆ, "ಅಜ್ಜಿ, ಮದುವೆ ಚಿತ್ರದಾಗೆ ಇರುವೆ ಎಂತಕ್ಕೆ?" ಅಂತ. "ಮದುವೆ ಮನೆಗೆ ಇರುವೆ ಬರ್ದೆ ಇರ್ತದನಾ? ಬರೋರ್ನೆಲ್ಲ ಕರೀಬೇಕಪ್ಪ," ಎಂದಿದ್ದರು.

ಆ ಮಾತನ್ನು ಹಿಡಿದು ನೋಡಿದರೆ ಗೋಡೆ ಬೇರೆಯಾಗಿ ಕಾಣುತ್ತದೆ. ಹಸೆಗೋಡೆಯ ಮೇಲಿರುವುದು ಕರೆಯ. ಮದುವೆಗೆ ನೆಂಟರಿಷ್ಟರನ್ನು ಕರೆದ ಹಾಗೆ ಅಡಿಕೆ ಮರವನ್ನೂ ಹಕ್ಕಿಯನ್ನೂ ಇರುವೆಯನ್ನೂ ಕರೆದು ಕೂರಿಸಿದ್ದಾರೆ. ಹೊಸ ಸಂಸಾರ ಇವರೆಲ್ಲರ ನಡುವೆ ಬದುಕಬೇಕು, ಇವರೆಲ್ಲರ ಎದುರಿಗೆ ಶುರುವಾಗಬೇಕು. ಭತ್ತ ಸಂತಾನಕ್ಕೂ ಸಮೃದ್ಧಿಗೂ ಗುರುತು ಎನ್ನುವುದು ನಿಜ. ಒಂದು ಕಾಳು ನೂರಾಗುವುದನ್ನು ಕಣ್ಣಾರೆ ಕಂಡವರಿಗೆ ಅದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ. ಆದರೆ ಆ ಭತ್ತ ಎಲ್ಲಿಂದಲೋ ತಂದ ಸಂಕೇತವಲ್ಲ, ಮನೆಯ ಮುಂದಿನ ಗದ್ದೆಯದೇ ಭತ್ತ. ಇನ್ನು ದಂಡಿಗೆಯ ವಿಷಯ. ಮದುವೆಗೆ ನಿಜವಾದ ದಂಡಿಗೆ ತರಿಸುವ ಶಕ್ತಿ ಮನೆಗಿತ್ತೋ ಇಲ್ಲವೋ, ಗೋಡೆಯ ಮೇಲೆ ಮಾತ್ರ ಮದುಮಕ್ಕಳು ದಂಡಿಗೆಯಲ್ಲೇ ಕೂತಿರುತ್ತಿದ್ದರು.

ಭೂಮಣ್ಣಿ ಬುಟ್ಟಿ

ಗೋಡೆಯ ಚಿತ್ತಾರ ಮದುವೆಗೆ ಬರೆಯುವುದಾದರೆ, ಬುಟ್ಟಿಯ ಚಿತ್ತಾರ ವರ್ಷಕ್ಕೊಮ್ಮೆ ಬರೆಯುವುದು. ಆಶ್ವೀಜದ ಹುಣ್ಣಿಮೆ ನಮ್ಮಲ್ಲಿ ಭೂಮಿ ಹುಣ್ಣಿಮೆ. ಕೆಲವು ಕಡೆ ಸೀಗೆ ಹುಣ್ಣಿಮೆ ಎನ್ನುತ್ತಾರೆ. ಆ ಹೊತ್ತಿಗೆ ಭತ್ತ ಹೊಡೆಗೂಡಿರುತ್ತದೆ. ಭೂಮಿತಾಯಿ ಬಸುರಿ ಎಂದು ಲೆಕ್ಕ. ಬಸುರಿ ಹೆಂಗಸಿಗೆ ಬಯಕೆ ಊಟ ಹಾಕುವ ಹಾಗೆ ಭೂಮಿಗೂ ಬಯಕೆ ಊಟ ಹಾಕಬೇಕು. ಆ ಊಟ ಹೊತ್ತುಕೊಂಡು ಹೋಗುವುದು ಭೂಮಣ್ಣಿ ಬುಟ್ಟಿಯಲ್ಲಿ.

ಮಹಾನವಮಿಯ ಹೊತ್ತಿಗೇ ಬುಟ್ಟಿಗೆ ಸಗಣಿ ಸಾರಿಸಿ, ಮೇಲೆ ಕೆಮ್ಮಣ್ಣು ಬಳಿದು ಒಣಗಿಸಿ, ಹುಣ್ಣಿಮೆಯೊಳಗೆ ಚಿತ್ತಾರ ಬರೆದು ಮುಗಿಸುತ್ತಾರೆ. ದೊಡ್ಡದೊಂದು, ಚಿಕ್ಕದೊಂದು, ಹೀಗೆ ಎರಡು ಬುಟ್ಟಿ. ಅವುಗಳ ಮೈತುಂಬ ಭತ್ತದ ಸಸಿ, ಅಡಿಕೆ ಮರ, ತೆಂಗಿನ ಮರ, ಏಣಿ, ಗಾಡಿ, ಹಕ್ಕಿ, ಬೇಸಾಯದ ಸಾಮಾನು. ಹಿಂದಿನ ರಾತ್ರಿ ಹೆಂಗಸರು ನಿದ್ದೆ ಮಾಡುವುದಿಲ್ಲ. ಬೇಲಿ, ಕಾಡು, ಹಿತ್ತಲು ಎಲ್ಲ ಕಡೆಯಿಂದ ಕೊಯ್ದು ತಂದ ಬಗೆಬಗೆಯ ಸೊಪ್ಪು, ಕುಡಿಗಳನ್ನು ಬೆರೆಸಿ ಬೇಯಿಸುತ್ತಾರೆ. ಜೊತೆಗೆ ಕಡುಬು, ಬುತ್ತಿ, ಅಂಬಲಿ. ಬೆಳಗಿನ ಜಾವ ಮನೆಯ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೊರಡುತ್ತಾರೆ. ಭತ್ತದ ಗಿಡಕ್ಕೆ ಮನೆಯ ಹೆಣ್ಣಿನ ಕೊರಳ ಸರ ಹಾಕಿ ಪೂಜೆ ಮಾಡುತ್ತಾರೆ. ಬೇಯಿಸಿದ ಸೊಪ್ಪಿನ ಚರಗವನ್ನು ಕೂಗುತ್ತಾ ಗದ್ದೆಯ ತುಂಬ ಬೀರುತ್ತಾರೆ. ಕಾಗೆಗೆ ಒಂದು ಎಡೆ, ಇಲಿಗೂ ಒಂದು ಎಡೆ.

ಇಲಿ ಭತ್ತ ತಿನ್ನುವ ಪ್ರಾಣಿ, ರೈತನ ಶತ್ರು ಎಂದೇ ವಿಜ್ಞಾನ ಪಾಠದಲ್ಲಿ ಓದಿದ್ದೇವೆ. ಆದರೂ ಅದಕ್ಕೊಂದು ಎಡೆ ಇದೆ. ತಿನ್ನಬೇಡ ಎಂದು ಅದಕ್ಕೆ ಯಾರೂ ಹೇಳುತ್ತಿಲ್ಲ, ನಿನಗೆ ಇಷ್ಟು ಎಂದು ಪಾಲು ತೋರಿಸುತ್ತಿದ್ದಾರೆ. ಭೂಮಣ್ಣಿ ಬುಟ್ಟಿಯ ಮೇಲಿನ ಚಿತ್ರಗಳನ್ನು ಈ ಕಣ್ಣಿನಿಂದ ನೋಡಿದರೆ ಅದು ಪಾಲುಪಟ್ಟಿಯ ಹಾಗೆ ಕಾಣುತ್ತದೆ. ಬೆಳೆಯಲ್ಲಿ ಯಾರು ಯಾರಿಗೆ ಹಕ್ಕಿದೆಯೋ ಅವರೆಲ್ಲ ಬುಟ್ಟಿಯ ಮೇಲಿದ್ದಾರೆ: ದುಡಿದವರು, ದುಡಿಮೆಯ ಸಾಮಾನು, ಮರ, ಹಕ್ಕಿ, ಹುಳ. ಬರೆಯುವುದು ಹೆಂಗಸರು, ಹೊರುವುದು ಗಂಡಸರು, ಉಣ್ಣುವುದು ಭೂಮಿ.

ದೀಪಾವಳಿಯ ಜೇಡಿ, ಕೆಮ್ಮಣ್ಣು ಮತ್ತು ಹುಲಿಯಪ್ಪ

ದೀಪಾವಳಿಯಲ್ಲಿ ಇದೇ ಕೆಮ್ಮಣ್ಣು, ಜೇಡಿಮಣ್ಣು ದೀವರ ಮನೆಗಷ್ಟೇ ಅಲ್ಲ, ನಮ್ಮ ಸೀಮೆಯ ಎಲ್ಲ ಜಾತಿಯವರ ಮನೆಗೂ ಬರುತ್ತದೆ. ಬೂರೆ ಹಬ್ಬದ ದಿನ ಬಚ್ಚಲ ಹಂಡೆಗೆ ಜೇಡಿ, ಕೆಮ್ಮಣ್ಣಿನ ಪಟ್ಟೆ ಬಳಿದು ಹಿಂಡ್ಲೆಕಾಯಿ ಬಳ್ಳಿ ಸುತ್ತುತ್ತಾರೆ. ಗೋಪೂಜೆಯ ದಿನ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಮೈಮೇಲೆ ಜೇಡಿ, ಕೆಮ್ಮಣ್ಣಿನ ದುಂಡು ಮುದ್ರೆ ಒತ್ತುತ್ತಾರೆ. ಕೊರಳಿಗೆ ಅಡಿಕೆ ಸರ, ಪಚ್ಚೆತೆನೆ, ರೊಟ್ಟಿಯ ಮಾಲೆ. ನೇಗಿಲು, ನೊಗ, ಒನಕೆ, ಅಡಿಕೆ ಮರ ಯಾವುದನ್ನೂ ಬಿಡುವುದಿಲ್ಲ. ವರ್ಷವೆಲ್ಲಾ ದುಡಿದವರನ್ನು ಆ ಒಂದು ದಿನ ಕೆಲಸಕ್ಕೆ ಹಚ್ಚುವಂತಿಲ್ಲ, ಸಿಂಗರಿಸಬೇಕು. ಆ ದುಂಡು ಮುದ್ರೆಯನ್ನು ಸೂರ್ಯ ಎಂದೂ ಚಂದ್ರ ಎಂದೂ ನಾಣ್ಯ ಎಂದೂ ಹೇಳಬಹುದು. ನನ್ನ ಮಟ್ಟಿಗೆ ಅದು, ಈ ದನವೂ ಮನೆಯ ಸದಸ್ಯ ಎಂದು ಒತ್ತಿದ ಮೊಹರು.

ದೀಪಾವಳಿಯ ಸುತ್ತಿನ ದಿನಗಳಲ್ಲೇ ನಮ್ಮ ಬಹಳ ಊರುಗಳಲ್ಲಿ ಹುಲಿಯಪ್ಪನಿಗೂ ಪೂಜೆ ಆಗುತ್ತದೆ. ಕಾಡಿನ ಅಂಚಿನಲ್ಲಿ ಒಂದು ಕಲ್ಲು, ಒಂದು ಕಟ್ಟೆ, ನಾಲ್ಕು ಮರದ ಬನ. ಕೊಟ್ಟಿಗೆಯಲ್ಲಿ ದನಕ್ಕೆ ಮಾಲೆ ಹಾಕಿದವರೇ, ಆ ದನವನ್ನು ಹಿಡಿಯಬಲ್ಲ ಹುಲಿಗೂ ಹಣ್ಣುಕಾಯಿ ಮಾಡಿಸುತ್ತಾರೆ. ಇಲಿಗೆ ಎಡೆ ಇಟ್ಟ ಬುದ್ಧಿಯೇ ಇಲ್ಲೂ ಇದೆ. ಅದೇ ರಾತ್ರಿಗಳಲ್ಲಿ ಮನೆಮನೆಗೆ ಜ್ಯೋತಿ ಹೊತ್ತು ಹಾಡುತ್ತಾ ಬರುವ ಅಂಟಿಗೆ ಪಂಟಿಗೆಯವರು ನಮ್ಮ ಮೂರೂ ತಾಲ್ಲೂಕಿನವರಿಗೆ ಪರಿಚಿತರು.

ಅರಮನೆಯ ಪ್ರಾಣಿ, ಮನೆಯ ಪ್ರಾಣಿ

ಈ ಮಾತು ಸ್ಪಷ್ಟವಾಗಬೇಕಾದರೆ ಕೆಳದಿಗೆ ಹೋಗಿ ಬರಬೇಕು. ಅಲ್ಲಿನ ದೇವಾಲಯದ ಛಾವಣಿಯಲ್ಲಿ ಗಂಡಭೇರುಂಡದ ಕೆತ್ತನೆ ಇದೆ. ಎರಡು ತಲೆಯ, ಆನೆಯನ್ನೂ ಸಿಂಹವನ್ನೂ ಮೀರಿದ ಶಕ್ತಿಯ ಹಕ್ಕಿ. ವಿಜಯನಗರದವರಲ್ಲೂ ಮೈಸೂರಿನವರಲ್ಲೂ ಅದು ರಾಜಶಕ್ತಿಯ ಗುರುತು. ಇಂದು ಕರ್ನಾಟಕ ಸರ್ಕಾರದ ಲಾಂಛನವೂ ಅದೇ. ಅಂದರೆ ನಮ್ಮ ಶಾಲೆಯ ಪ್ರತಿಯೊಂದು ಅಂಕಪಟ್ಟಿಯ ಮೇಲೂ ಅದು ಕೂತಿದೆ. ನಮ್ಮ ತಾಲ್ಲೂಕಿನ ಗುಡಿಗಾರರು ಗಂಧದ ಮರದಲ್ಲಿ ಆನೆ, ಸಿಂಹ, ಬಳ್ಳಿ, ಹಕ್ಕಿಗಳನ್ನು ಕೂದಲೆಳೆಯಷ್ಟು ನಯವಾಗಿ ಕೆತ್ತುತ್ತಾರೆ. ಬೆಂಡಿನ ಬಾಸಿಂಗ ಮಾಡುವುದರಲ್ಲೂ ಅವರದು ಎತ್ತಿದ ಕೈ.

ಅರಮನೆಯ ಕಲೆ ಆರಿಸಿಕೊಂಡ ಪ್ರಾಣಿಗಳೂ ಚಿತ್ತಾರದ ಪ್ರಾಣಿಗಳೂ ಬೇರೆ ಬೇರೆ. ಅರಮನೆಗೆ ಬೇಕಾದದ್ದು ಗೆಲ್ಲುವ ಪ್ರಾಣಿ: ಗಂಡಭೇರುಂಡ, ಸಿಂಹ, ಪಟ್ಟದ ಆನೆ. ಅದರಲ್ಲಿ ಕೆಲವು ಯಾರೂ ಕಣ್ಣಾರೆ ಕಾಣದಂಥವು. ಚಿತ್ತಾರಕ್ಕೆ ಬೇಕಾದದ್ದು ಜೊತೆಗಿರುವ ಪ್ರಾಣಿ: ಇರುವೆ, ಗಿಳಿ, ಎತ್ತು, ಹೆಸರಿಲ್ಲದ ಹಕ್ಕಿ. ಗಂಡಭೇರುಂಡ ಕಲ್ಲಿನಲ್ಲಿ ಉಳಿಯಿತು. ಚಿತ್ತಾರದ ಹಕ್ಕಿ ಅಕ್ಕಿಹಿಟ್ಟಿನಲ್ಲಿ ಬರೆದದ್ದು, ಒಂದೆರಡು ಮಳೆಗಾಲಕ್ಕೆ ಮಾಸಿತು. ಇಕ್ಕೇರಿಯ ಅಘೋರೇಶ್ವರನ ಗುಡಿಯ ಬಗ್ಗೆ ಪುಸ್ತಕಗಳಿವೆ, ಪಕ್ಕದ ಊರಿನ ಹಸೆಗೋಡೆಯ ಬಗ್ಗೆ ಅಷ್ಟಾಗಿ ಇಲ್ಲ. ಇದಕ್ಕೆ ಯಾರನ್ನೂ ದೂರಬೇಕಿಲ್ಲ. ಆದರೆ ಕಲ್ಲು ಉಳಿದಿದೆ ಎಂಬ ಒಂದೇ ಕಾರಣಕ್ಕೆ ಕಲ್ಲಿನದಷ್ಟೇ ಇತಿಹಾಸ ಎಂದು ನಾವು ತಿಳಿಯಬಾರದು.

ಕೊಳಗ, ಮುಳುಗಡೆ, ಡಿಕ್ಲರೇಷನ್

ಈ ಚಿತ್ರ ಬರೆದವರ ಬದುಕಿನಲ್ಲಿ ಅದೇ ಕಾಲಕ್ಕೆ ಏನು ನಡೆಯುತ್ತಿತ್ತು ಎಂಬುದನ್ನು ಜೊತೆಗಿಟ್ಟು ನೋಡಬೇಕು.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಈ ಹೋರಾಟಕ್ಕೆ ಸಮಾಜವಾದಿಗಳು ಬೆಂಬಲವಾಗಿ ನಿಂತರು. ತೀರ್ಥಹಳ್ಳಿ ತಾಲ್ಲೂಕು ಆರಗದ ಶಾಂತವೇರಿ ಗೋಪಾಲಗೌಡರು ಬಂದರು, ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಜಗಳದ ಮೂಲದಲ್ಲಿ ಇದ್ದದ್ದು ಕೊಳಗ, ಅಂದರೆ ಗೇಣಿಯ ಭತ್ತ ಅಳೆಯುವ ಪಾತ್ರೆ. ಒಡೆಯರು ಅಳೆದುಕೊಳ್ಳುವ ಕೊಳಗ ಸರಿಯಾದ ಅಳತೆಗಿಂತ ದೊಡ್ಡದು ಎಂಬುದು ಗೇಣಿದಾರರ ದೂರು. ಸತ್ಯಾಗ್ರಹಿಗಳಲ್ಲಿ ಬಹುಪಾಲು ದೀವರು.

ಈಗ ಭೂಮಣ್ಣಿ ಬುಟ್ಟಿಯನ್ನು ನೆನಪು ಮಾಡಿಕೊಳ್ಳಿ. ಬೆಳೆಯಲ್ಲಿ ಕಾಗೆಗೂ ಇಲಿಗೂ ಪಾಲಿಟ್ಟ ಮನೆಯವರಿಗೆ ತಮ್ಮದೇ ಪಾಲು ಸರಿಯಾಗಿ ಸಿಗುತ್ತಿರಲಿಲ್ಲ. ಕಣಜದ ಭತ್ತ ತಮ್ಮದಲ್ಲದ ಕಾಲದಲ್ಲೂ ಗೋಡೆಯ ಮೇಲಿನ ಭತ್ತ ಅವರದೇ ಆಗಿತ್ತು. ಅದನ್ನು ಪ್ರತಿಭಟನೆ ಎಂದು ಕರೆಯಲು ನನಗೆ ಧೈರ್ಯವಿಲ್ಲ, ಬರೆದವರು ಹಾಗೆ ಅಂದುಕೊಂಡಿರಲಾರರು. ಆದರೆ ಈ ನೆಲಕ್ಕೂ ನಮಗೂ ಸಂಬಂಧವಿದೆ ಎಂದು ಅಕ್ಷರ ಬಾರದ ಕೈಗಳು ಬರೆದಿಟ್ಟ ದಾಖಲೆ ಅದು ಎನ್ನಲು ಅಡ್ಡಿಯಿಲ್ಲ. ಪಹಣಿಯಲ್ಲಿ ಅವರ ಹೆಸರು ಬರುವುದಕ್ಕಿಂತ ಎಷ್ಟೋ ಮೊದಲೇ ಗೋಡೆಯಲ್ಲಿ ಅವರ ಗದ್ದೆ ಬಂದಿತ್ತು.

ಅದರ ನಂತರದ್ದು ಮುಳುಗಡೆ. ಶರಾವತಿಗೆ ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಆ ಹಳೆಯ ಅಣೆಕಟ್ಟೇ ನೀರೊಳಗೆ ಹೋಯಿತು. ಅದರ ಜೊತೆ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರು, ಗದ್ದೆ, ಬನ, ಹುಲಿಯಪ್ಪನ ಕಟ್ಟೆಗಳೂ ಹೋದವು. ನೀರು ಇಳಿದ ಬೇಸಿಗೆಗಳಲ್ಲಿ ಹಿರೇಭಾಸ್ಕರ ಅಣೆಕಟ್ಟು ಮತ್ತೆ ಮೇಲೆದ್ದು ಕಾಣುತ್ತದೆ, ನೋಡಲು ಜನ ಹೋಗುತ್ತಾರೆ. ಅದು ಕಲ್ಲು, ಗಾರೆಯದ್ದು, ಹಾಗಾಗಿ ಉಳಿಯಿತು. ಮಣ್ಣಿನ ಗೋಡೆ ನೀರಿಗೆ ಕರಗಿ ಮಣ್ಣೇ ಆಗುತ್ತದೆ. ಮುಳುಗಡೆಯ ಪರಿಹಾರಕ್ಕೆ ಮರ ಎಣಿಸಿದರು, ಜಮೀನು ಅಳೆದರು. ಹಸೆಗೋಡೆಗೆ ಬೆಲೆ ಕಟ್ಟುವ ಕಲಮು ಯಾವ ನಮೂನೆಯಲ್ಲೂ ಇರಲಿಲ್ಲ. ಆದರೂ ಶಿವಮೊಗ್ಗದ ಕಡೆಗೆ, ಬೇರೆ ಬೇರೆ ಊರಿಗೆ ಗುಳೆ ಹೋದ ಹೆಂಗಸರು ಚಿತ್ತಾರವನ್ನು ಕೈಯಲ್ಲೇ ಹೊತ್ತುಕೊಂಡು ಹೋದರು. ಹೊಸ ಗೋಡೆ ಎದ್ದ ಕಡೆ ಮತ್ತೆ ಬರೆದರು.

ಮೂರನೆಯದು ಭೂಸುಧಾರಣೆ. ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾದ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಎಂದು ಗೇಣಿದಾರರು ಡಿಕ್ಲರೇಷನ್ ಹಾಕಿದರು, ಭೂನ್ಯಾಯ ಮಂಡಳಿಗಳ ಮುಂದೆ ನಿಂತರು. ನಮ್ಮ ಶಾಲೆ ಬಾಗಿಲು ತೆರೆದದ್ದೂ ಆ ದಶಕದಲ್ಲೇ. ಇದು ಬರೀ ಕಾಕತಾಳೀಯ ಎಂದು ನನಗನ್ನಿಸುವುದಿಲ್ಲ. ಸ್ವಂತ ಗದ್ದೆಯಾದ ಮೇಲೆ ಮಗನನ್ನು ಒಡೆಯರ ದನ ಕಾಯಲು ಕಳಿಸಬೇಕಾಗಿರಲಿಲ್ಲ, ಮಗಳನ್ನು ಏಳನೇ ತರಗತಿಗೆ ಬಿಡಿಸಬೇಕಾಗಿರಲಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಹೈಸ್ಕೂಲು ಮೆಟ್ಟಿಲು ಹತ್ತಿದ ತಲೆಮಾರು ಅದು. ಅವರ ಮಕ್ಕಳು ನಾವು, ಇಂಜಿನಿಯರಾದೆವು, ನರ್ಸಾದೆವು, ಮಾಸ್ತರಾದೆವು.

ಆದರೆ ಆ ಲಾಭದ ಜೊತೆಗೇ ಒಂದು ನಷ್ಟವೂ ಬಂತು. ನೆಲ ನಮ್ಮದಾದ ಮೇಲೆ, ಅಕ್ಷರ ನಮ್ಮದಾದ ಮೇಲೆ, ಅದುವರೆಗೆ ನೆಲದ ದಾಖಲೆಯಾಗಿದ್ದ ಚಿತ್ತಾರ ಹಿಂದೆ ಸರಿಯಿತು. ಮಣ್ಣಿನ ಗೋಡೆ ಹೋಗಿ ಸಿಮೆಂಟಿನ ಗೋಡೆ ಬಂತು. ಮದುವೆ ಮನೆಯಂಗಳ ಬಿಟ್ಟು ಸಮುದಾಯ ಭವನಕ್ಕೆ ಹೋಯಿತು. ಭತ್ತದ ಗದ್ದೆಗಳು ಅಡಿಕೆ ತೋಟಗಳಾದವು, ಶುಂಠಿ ಕಣಗಳಾದವು. ಭೂಮಣ್ಣಿ ಬುಟ್ಟಿಯನ್ನು ಕೆಲವು ಮನೆಗಳು ಈಗ ತೋಟಕ್ಕೇ ಹೊತ್ತು ಹೋಗುತ್ತವೆ. ಬುಟ್ಟಿಯ ಮೇಲೆ ಭತ್ತದ ಸಸಿ ಇನ್ನೂ ಇದೆ, ಕೆಳಗೆ ಗದ್ದೆ ಇಲ್ಲ.

ಗೋಡೆಯಿಂದ ಕಾಗದಕ್ಕೆ

ಇದು ನಮ್ಮೊಬ್ಬರದೇ ಕಥೆಯಲ್ಲ. ಬಿಹಾರದ ಮಿಥಿಲೆಯಲ್ಲೂ ಮದುಮಕ್ಕಳ ಕೋಣೆಯ ಗೋಡೆಗೆ ತಾವರೆ, ಬಿದಿರು, ಮೀನು, ಗಿಳಿ ಬರೆಯುವ ಪದ್ಧತಿ ಇದೆ. 1934ರ ಭೂಕಂಪದಲ್ಲಿ ಮನೆಗಳು ಬಿರುಕುಬಿಟ್ಟಾಗ ಆರ್ಚರ್ ಎಂಬ ಬ್ರಿಟಿಷ್ ಅಧಿಕಾರಿಯ ಕಣ್ಣಿಗೆ ಒಳಗೋಡೆಯ ಆ ಚಿತ್ರಗಳು ಬಿದ್ದವು. 1966-67ರ ಬರಗಾಲದ ಹೊತ್ತಿಗೆ ಭಾಸ್ಕರ ಕುಲಕರ್ಣಿ ಎಂಬ ಕಲಾವಿದರು ಅಲ್ಲಿನ ಹೆಂಗಸರಿಗೆ ಕಾಗದ ಕೊಟ್ಟು ಬರೆಸಿದರು. ಬರದ ವರ್ಷದಲ್ಲಿ ಅದು ಅನ್ನವಾಯಿತು. 1975ರಲ್ಲಿ ಜಗದಂಬಾ ದೇವಿಯವರಿಗೆ ಪದ್ಮಶ್ರೀ ಬಂತು. ಮಹಾರಾಷ್ಟ್ರದ ವಾರ್ಲಿ ಕಲೆಯೂ ಮದುವೆ ಮನೆಯ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಬರೆಯುವಂಥದ್ದೇ. ಅದನ್ನು ಕಾಗದಕ್ಕೆ ತಂದ ಜಿವ್ಯಾ ಸೋಮಾ ಮಾಶೆ ಅವರಿಗೆ 2011ರಲ್ಲಿ ಪದ್ಮಶ್ರೀ ಸಂದಿತು.

ನಮ್ಮಲ್ಲೂ ಅಂಥ ಪ್ರಯತ್ನಗಳಿವೆ. ಸಿರಿವಂತೆ, ಹಸುವಂತೆಯಂಥ ಸಾಗರ ಸೀಮೆಯ ಊರುಗಳ ಕಲಾವಿದರು ಚಿತ್ತಾರವನ್ನು ಹಾಳೆಗೆ, ಬಟ್ಟೆಗೆ, ಪೇಟೆಯ ಗೋಡೆಗಳಿಗೆ ತಂದಿದ್ದಾರೆ, ಹೊಸಬರಿಗೆ ಕಲಿಸಿದ್ದಾರೆ. ಬೆಂಗಳೂರಿನಲ್ಲಿ ಸೀರೆಯ ಅಂಚಿನಲ್ಲಿ, ಹೋಟೆಲಿನ ಗೋಡೆಯಲ್ಲಿ ಚಿತ್ತಾರ ಕಂಡಾಗ ನನಗೆ ಸಂತೋಷವೇ ಆಗುತ್ತದೆ. ಕಲಾವಿದರಿಗೆ ನಾಲ್ಕು ಕಾಸು ಸಿಗಬೇಕು, ಸಿಗಲಿ. ಆದರೆ ಕಾಗದಕ್ಕೆ ಬರುವಾಗ ಆಕಾರ ಬರುತ್ತದೆ, ಹಾಡು ಬರುವುದಿಲ್ಲ. ಹಕ್ಕಿ ಬರುತ್ತದೆ, ಹಕ್ಕಿಗೆ ಇಟ್ಟ ಎಡೆ ಬರುವುದಿಲ್ಲ. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಫೈಲು ನಕಲಾಗುತ್ತದೆ, ಅದನ್ನು ತೆರೆಯುವ ಪ್ರೋಗ್ರಾಂ ಹಿಂದೆಯೇ ಉಳಿಯುತ್ತದೆ. ಆ ಪ್ರೋಗ್ರಾಂ ಇರುವುದು ನಮ್ಮೂರ ಎಪ್ಪತ್ತು, ಎಂಬತ್ತು ವರ್ಷದ ಹೆಂಗಸರ ನೆನಪಿನಲ್ಲಿ. ಅದಕ್ಕೆ ಬೇರೆ ಪ್ರತಿ ಇಲ್ಲ.

ನಮ್ಮ ಶಾಲೆಯಿಂದ ಆಗಬಹುದಾದದ್ದು

ಸುವರ್ಣ ಮಹೋತ್ಸವದಲ್ಲಿ ಕಟ್ಟಡ, ರಂಗಮಂದಿರ, ಕಂಪ್ಯೂಟರ್ ಕೊಠಡಿಗೆ ಹಣ ಕೂಡಿಸುವುದು ಒಳ್ಳೆಯ ಕೆಲಸ. ಅದರ ಜೊತೆಗೆ ಹಣ ಅಷ್ಟಾಗಿ ಬೇಡದ ಮೂರು ಕೆಲಸಗಳನ್ನು ಹಿರಿಯ ಶಿಕ್ಷಕರ, ಹಳೆಯ ವಿದ್ಯಾರ್ಥಿಗಳ, ಊರ ಹಿರಿಯರ ಮುಂದೆ ವಿನಯದಿಂದ ಇಡುತ್ತೇನೆ.

ಒಂದು, ಒಂಬತ್ತನೇ ತರಗತಿಯ ಪ್ರತಿ ವಿದ್ಯಾರ್ಥಿಯೂ ಈ ವರ್ಷ ತನ್ನ ಮನೆಯ ಅಥವಾ ಊರಿನ ಒಬ್ಬ ಹಿರಿಯ ಹೆಂಗಸಿನ ಹತ್ತಿರ ಕೂತು, ಒಂದು ಚಿತ್ತಾರ ಬರೆಸಿ, ಅದರ ಪ್ರತಿ ಭಾಗದ ಹೆಸರು ಕೇಳಿ ಬರೆದುಕೊಳ್ಳಲಿ. ಹಾಡು ಬರುವುದಾದರೆ ಮೊಬೈಲಿನಲ್ಲಿ ಹಿಡಿದುಕೊಳ್ಳಲಿ. ಒಂದೇ ಗೆರೆಗೆ ಒಂದೊಂದು ಊರಿನಲ್ಲಿ ಒಂದೊಂದು ಹೆಸರು ಇರಬಹುದು, ಎಲ್ಲವನ್ನೂ ಬರೆಯಲಿ. ದೀವರ ಮನೆಯ ಚಿತ್ತಾರದ ಜೊತೆಗೆ ಬೇರೆ ಬೇರೆ ಮನೆಗಳ ಹೊಸಿಲ ರಂಗೋಲಿ, ದೀಪಾವಳಿಯ ಜೇಡಿ, ಕೆಮ್ಮಣ್ಣಿನ ಪಟ್ಟೆಗಳೂ ಇರಲಿ. ಇವನ್ನೆಲ್ಲ ಒಂದು ಕಡೆ ಜೋಡಿಸಿ, ಎಲ್ಲರಿಗೂ ಸಿಗುವಂತೆ ಮಾಡುವ ಕಂಪ್ಯೂಟರ್ ಕೆಲಸವನ್ನು ನಾನೂ ನನ್ನ ಬ್ಯಾಚಿನ ಇಬ್ಬರು ಗೆಳೆಯರೂ ವಹಿಸಿಕೊಳ್ಳುತ್ತೇವೆ. ಒಂದು ಪ್ರತಿ ಶಾಲೆಯ ಗ್ರಂಥಾಲಯದಲ್ಲಿರಲಿ, ಒಂದು ಪ್ರತಿಯನ್ನು ಕೆಳದಿಯ ವಸ್ತುಸಂಗ್ರಹಾಲಯಕ್ಕೆ ಕೊಡೋಣ. ಅರಸರ ಓಲೆಗರಿಗಳ ಪಕ್ಕದಲ್ಲಿ ನಮ್ಮ ಅಜ್ಜಿಯರ ಬರವಣಿಗೆಯೂ ಇರಬೇಕಾದದ್ದು ನ್ಯಾಯ.

ಎರಡು, ಪ್ರತಿಭಾ ಕಾರಂಜಿಗೋ ಶಾಲಾ ವಾರ್ಷಿಕೋತ್ಸವಕ್ಕೋ ಊರ ಚಿತ್ತಾರಗಿತ್ತಿಯರನ್ನು ಅತಿಥಿಗಳಾಗಿ ಕರೆಯೋಣ. ಚಿತ್ರಕಲೆ ಸ್ಪರ್ಧೆಗೆ ಅವರೇ ತೀರ್ಪುಗಾರರಾಗಲಿ. ಸಹಿ ಹಾಕಲು ಬಾರದಿದ್ದರೂ ಅಳತೆಪಟ್ಟಿ ಇಲ್ಲದೆ ಚೌಕ ಬರೆಯಬಲ್ಲವರು ಅವರು.

ಮೂರು, ಶಾಲೆಯ ಒಂದು ಗೋಡೆಗೆ ಎಣ್ಣೆಬಣ್ಣ ಹಚ್ಚದೆ ಕೆಮ್ಮಣ್ಣಿಗೆ ಬಿಡೋಣ. ಪ್ರತಿವರ್ಷ ಭೂಮಿ ಹುಣ್ಣಿಮೆಯ ಮುಂಚೆ ಆ ವರ್ಷದ ಮಕ್ಕಳು ಅದನ್ನು ಸಾರಿಸಿ ಹೊಸದಾಗಿ ಬರೆಯಲಿ. ಮಳೆಗೆ ಅದು ಮಾಸುತ್ತದೆ, ಮಾಸಲಿ. ಮಾಸುತ್ತದೆ ಎಂಬ ಕಾರಣಕ್ಕೇ ಪ್ರತಿ ತಲೆಮಾರೂ ಅದನ್ನು ಕಲಿಯಬೇಕಾಗಿ ಬರುತ್ತಿತ್ತು.

ಕೆಳದಿಯ ಗಂಡಭೇರುಂಡವನ್ನು ಕಾಯಲು ಪುರಾತತ್ವ ಇಲಾಖೆ ಇದೆ. ಇರುವೆ ಸಾಲನ್ನು ಕಾಯಲು ನಾವಷ್ಟೇ ಇದ್ದೇವೆ. ಈ ಲೇಖನ ಓದಿದವರ ಮನೆಯಲ್ಲಿ ಚಿತ್ತಾರ ಬರೆಯಬಲ್ಲ ಅಜ್ಜಿಯೋ ಅತ್ತೆಯೋ ದೊಡ್ಡಮ್ಮನೋ ಇದ್ದರೆ, ಈ ಭೂಮಿ ಹುಣ್ಣಿಮೆಗೆ ಬುಟ್ಟಿ ಬರೆಯುವಾಗ ಪಕ್ಕದಲ್ಲಿ ಕೂತು, ಕುಂಚಕ್ಕೆ ಪುಂಡಿ ನಾರು ಜಜ್ಜಿ ಕೊಟ್ಟು, ಯಾವುದಕ್ಕೆ ಏನೆನ್ನುತ್ತಾರೆ ಎಂದು ಕೇಳಿ.